ಕುಡಿಯದ ದಿನಕ್ಕೊಂದು ಫಲ

ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನವನ್ನು ಕುರಿತ ಮಾತು ಬಹುಕಾಲದಿಂದ ಎರಡು ಕವಲುಗಳಲ್ಲಿ ಹರಿದು ಬಂದಿದೆ. ಮನಸ್ಸು ಗಟ್ಟಿ ಮಾಡಿದರೆ ಯಾರು ಬೇಕಾದರೂ ಚಟ ಬಿಡಬಹುದು, ಬಿಡದವನಿಗೆ ಮನೆಮಠದ ಮೇಲೆ ಪ್ರೀತಿಯಿಲ್ಲ ಎಂಬುದು ಒಂದು ಕವಲು. ಅದು ಮೆದುಳಿಗೆ ತಗುಲಿದ ಕಾಯಿಲೆ, ವೈದ್ಯರು ಕೊಡುವ ಔಷಧದಿಂದಲೇ ಗುಣವಾಗಬೇಕು ಎಂಬುದು ಇನ್ನೊಂದು. ಇವೆರಡರ ನಡುವೆ, ಪ್ರಯೋಗಾಲಯದಲ್ಲಿ ಹುಟ್ಟಿ ಚಿಕಿತ್ಸಾಲಯದವರೆಗೆ ಬೆಳೆದ ಮೂರನೆಯ ವಿಚಾರಮಾರ್ಗವೊಂದಿದ್ದು, ಅದಕ್ಕೆ ವರ್ತನಾ ವಿಶ್ಲೇಷಣೆ ಎಂದು ಹೆಸರು. ವ್ಯಸನಿ ಎಂಥವನು ಎಂದು ಕೇಳುವುದನ್ನು ಬದಿಗಿಟ್ಟು, ಅವನು ಯಾವಾಗ, ಎಲ್ಲಿ, ಯಾರ ಜೊತೆ ಕುಡಿಯುತ್ತಾನೆ, ಕುಡಿದೊಡನೆ ಅವನಿಗೆ ಏನು ದೊರೆಯುತ್ತದೆ, ಕುಡಿಯದೆ ಉಳಿದ ದಿನ ಅವನಿಗೆ ದೊರೆಯುವುದೇನು ಎಂದು ಈ ಶಾಸ್ತ್ರ ಕೇಳುತ್ತದೆ. ಕೊನೆಯ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ಏನೂ ಇಲ್ಲ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ಈ ಮಾರ್ಗದ ಮೂಲ ನಿಲುವು.

ಇದಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್. ಸನ್ನೆಕೋಲನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆಯಲ್ಲಿ ಇಲಿಗಳನ್ನಿಟ್ಟು ಅವರು ನಡೆಸಿದ ಪ್ರಯೋಗಗಳ ವಿವರ 1938ರಲ್ಲಿ ಪುಸ್ತಕರೂಪದಲ್ಲಿ ಹೊರಬಂತು. ಒಂದು ಕ್ರಿಯೆಯ ಬೆನ್ನಿಗೇ ಬರುವ ಫಲವು ಆ ಕ್ರಿಯೆ ಮತ್ತೆ ಮತ್ತೆ ನಡೆಯುವಂತೆ ಮಾಡಿದರೆ, ಅಂಥ ಫಲವನ್ನು ಪುನರ್ಬಲನ ಎನ್ನುತ್ತಾರೆ. ಅದರ ಶಕ್ತಿ ಫಲದ ಗಾತ್ರವನ್ನು ಮಾತ್ರವಲ್ಲದೆ ಅದು ಎಷ್ಟು ಬೇಗ ಬರುತ್ತದೆ, ಎಷ್ಟು ಖಚಿತವಾಗಿ ಬರುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ. ಈ ಒಂದು ತತ್ತ್ವವನ್ನು ಹಿಡಿದು ನೋಡಿದರೆ ವ್ಯಸನದ ಬಿಗಿ ಅರ್ಥವಾಗುತ್ತದೆ. ಸೇದಿದ ಹೊಗೆಯ ಫಲ ಕೆಲವೇ ಸೆಕೆಂಡುಗಳಲ್ಲಿ, ಕುಡಿದ ಮದ್ಯದ ಫಲ ಕೆಲವೇ ನಿಮಿಷಗಳಲ್ಲಿ, ಒಂದು ಸಲವೂ ತಪ್ಪದೆ ಮೈಗೆ ತಟ್ಟುತ್ತದೆ. ಯಕೃತ್ತು ಕೆಡಲು ವರ್ಷಗಳು ಬೇಕು, ಕೆಲಸ ಹೋಗಲು ತಿಂಗಳುಗಳು ಬೇಕು, ಮನೆಯವರ ಬೈಗುಳ ಒಂದು ದಿನ ಬಂದರೆ ಇನ್ನೊಂದು ದಿನ ಬರುವುದಿಲ್ಲ. ಬೇಗ ಸಿಗುವ ಸಣ್ಣ ಸುಖದ ಮುಂದೆ ತಡವಾಗಿ ಬರುವ ದೊಡ್ಡ ದಂಡ ಸೋಲುವುದು ಎಲ್ಲ ಮನುಷ್ಯರ ವಿಷಯದಲ್ಲೂ ನಿಜವೇ; ಆದರೆ ದೂರದ ಫಲದ ಬೆಲೆ ಮನಸ್ಸಿನಲ್ಲಿ ಇಳಿಯುವ ವೇಗ ಅಫೀಮು ವರ್ಗದ ವಸ್ತುಗಳಿಗೆ ದಾಸರಾದವರಲ್ಲಿ ಇತರರಿಗಿಂತ ಹೆಚ್ಚು ಎಂಬುದನ್ನು ವಾರೆನ್ ಬಿಕೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಳೆದು ತೋರಿಸಿದರು. ಹೀಗಿರುವಾಗ ಮುಂದಿನ ವರ್ಷದ ಆರೋಗ್ಯವನ್ನು ತೋರಿಸಿ ಇಂದಿನ ಸಂಜೆಯ ಗ್ಲಾಸನ್ನು ಬಿಡಿಸಲು ಹೊರಡುವ ಉಪದೇಶ ಏಕೆ ವಿಫಲವಾಗುತ್ತದೆ ಎಂಬುದಕ್ಕೆ ವ್ಯಸನಿಯ ಗುಣದೋಷಗಳಲ್ಲಿ ಕಾರಣ ಹುಡುಕಬೇಕಾಗಿಲ್ಲ.

ಮಾದಕ ವಸ್ತುವೂ ಆಹಾರದಂತೆಯೇ ಪುನರ್ಬಲನವಾಗಿ ಕೆಲಸ ಮಾಡುತ್ತದೆ ಎಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಜೇಮ್ಸ್ ವೀಕ್ಸ್ ಎಂಬ ಸಂಶೋಧಕರು ಇಲಿಗಳ ರಕ್ತನಾಳಕ್ಕೆ ಸಣ್ಣ ಕೊಳವೆ ಜೋಡಿಸಿ, ಸನ್ನೆಕೋಲು ಒತ್ತಿದಾಗ ಮಾರ್ಫಿನ್ ಹರಿಯುವಂತೆ ಮಾಡಿದ ಪ್ರಯೋಗ 1962ರಲ್ಲಿ ಪ್ರಕಟವಾಯಿತು. ಇಲಿಗಳು ತಾವಾಗಿಯೇ ಒತ್ತಿ ಒತ್ತಿ ಮಾರ್ಫಿನ್ ಪಡೆದುಕೊಂಡವು. ಇಂಥ ಪ್ರಯೋಗಗಳಿಂದ ಜನರು ಕಲಿತದ್ದು ಅರ್ಧ ಪಾಠವನ್ನು ಮಾತ್ರ. ಇಲಿಯ ಮುಂದೆ ಮಾದಕವೊಂದನ್ನೇ ಇಟ್ಟರೆ ಅದು ಮಾದಕವನ್ನೇ ಹಿಡಿಯುತ್ತದೆ ಎಂಬುದು ಆ ಅರ್ಧ. ಉಳಿದರ್ಧವು ಪೆಟ್ಟಿಗೆಯಲ್ಲಿ ಎರಡನೆಯ ಸನ್ನೆಕೋಲನ್ನು ಇಟ್ಟಾಗ ತಿಳಿದುಬಂತು. ಫ್ರಾನ್ಸಿನಲ್ಲಿ ಸರ್ಜ್ ಅಹ್ಮದ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಕೇನ್ ಮತ್ತು ಸ್ಯಾಕರಿನ್ ಬೆರೆಸಿದ ಸಿಹಿನೀರು ಇವೆರಡರ ನಡುವೆ ಆಯ್ಕೆಯಿದ್ದಾಗ ಶೇ 94ರಷ್ಟು ಇಲಿಗಳು ಸಿಹಿನೀರನ್ನೇ ಆರಿಸಿಕೊಂಡವು. ಮಾರ್ಕೊ ವೆನ್ನಿರೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾದಕಕ್ಕೆ ಒಗ್ಗಿಹೋದ ಇಲಿಗಳು ಇನ್ನೊಂದು ಇಲಿಯ ಸಹವಾಸ ಸಿಗುವ ಬಾಗಿಲನ್ನು ಆರಿಸಿ ಮಾದಕವನ್ನು ಬದಿಗೊತ್ತಿದವು. ಮಾದಕದ ಸೆಳೆತ ಆ ವಸ್ತುವಿನೊಳಗೆ ಮಾತ್ರ ಅಡಗಿಲ್ಲ, ಅದರ ಪಕ್ಕದಲ್ಲಿ ಬೇರೇನಿದೆ ಎಂಬುದರ ಮೇಲೂ ಅದು ನಿಂತಿದೆ ಎಂಬ ಈ ತಿಳಿವಳಿಕೆಯೇ ಮುಂದಿನ ಚಿಕಿತ್ಸೆಗಳಿಗೆಲ್ಲ ಬೇರು.

ಮನುಷ್ಯರಲ್ಲಿ ಇದಕ್ಕೆ ಸಿಕ್ಕ ದೊಡ್ಡ ಸಾಕ್ಷ್ಯ ಯುದ್ಧದ್ದು. ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಬಳಕೆ ಹಬ್ಬಿದ ಸುದ್ದಿಯಿಂದ ಗಾಬರಿಗೊಂಡ ಸರ್ಕಾರ, 1971ರಲ್ಲಿ ಮರಳಿದವರನ್ನು ಅಧ್ಯಯನ ಮಾಡುವ ಹೊಣೆಯನ್ನು ಲೀ ರಾಬಿನ್ಸ್ ಎಂಬ ವಿದುಷಿಗೆ ವಹಿಸಿತು. ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಅಲ್ಲಿ ತಾವು ವ್ಯಸನಿಗಳಾಗಿದ್ದೆವೆಂದು ಒಪ್ಪಿಕೊಂಡರು. ಆದರೆ ಅವರಲ್ಲಿ ಊರಿಗೆ ಮರಳಿದ ಮೊದಲ ವರ್ಷದೊಳಗೆ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಭಯ, ಬೇಸರ, ಅಗ್ಗದ ಹೆರಾಯಿನ್ ಇದ್ದ ನೆಲದಿಂದ ಮನೆ, ಉದ್ಯೋಗ, ಬಂಧುಗಳಿರುವ ನೆಲಕ್ಕೆ ಬಂದದ್ದೇ ಹೆಚ್ಚಿನವರಿಗೆ ಚಿಕಿತ್ಸೆಯಾಯಿತು. ವ್ಯಸನಮುಕ್ತಿ ಕೇಂದ್ರಗಳಲ್ಲಿ ನಡೆಯುವುದು ಇದರ ತಿರುವುಮುರುವು: ಕುಡಿತಕ್ಕೆ ಆಸ್ಪದವಿಲ್ಲದ ಕಟ್ಟಡದಲ್ಲಿ ಕೆಲವು ವಾರ ಚೆನ್ನಾಗಿದ್ದವನನ್ನು ಅದೇ ಬೀದಿಗೆ, ಅದೇ ಗೆಳೆಯರ ಗುಂಪಿಗೆ, ಅದೇ ಶನಿವಾರದ ಬಟವಾಡೆಗೆ ಮರಳಿಸಲಾಗುತ್ತದೆ.

ಸ್ಥಳದ ಪಾತ್ರ ಎಷ್ಟು ಆಳವೆಂಬುದನ್ನು ಇನ್ನೊಂದು ಬಗೆಯ ಕಲಿಕೆಯೂ ತಿಳಿಸುತ್ತದೆ. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರಿಸಿದ ಪಾವ್‌ಲೋವ್ ಪ್ರಯೋಗಗಳ ಹೆಸರು ಕೇಳದವರು ಕಡಿಮೆ. ಮಾದಕದೊಡನೆ ಪದೇ ಪದೇ ಒದಗಿಬರುವ ನೋಟ, ವಾಸನೆ, ವೇಳೆಗಳೂ ಹಾಗೆಯೇ ದೇಹವನ್ನು ಮುಂಚಿತವಾಗಿ ಸಜ್ಜುಗೊಳಿಸುತ್ತವೆ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಏಬ್ರಹಾಂ ವಿಕ್ಲರ್, ಮಾದಕ ಬಿಟ್ಟು ತಿಂಗಳುಗಳು ಕಳೆದವರೂ ಹಳೆಯ ಪರಿಸರದ ನೆನಪಾದೊಡನೆ ಆಕಳಿಸಿ, ಕಣ್ಣು ಮೂಗು ಸೋರಿ, ಬಿಟ್ಟ ಹೊಸತರ ಯಾತನೆಯನ್ನೇ ಮತ್ತೆ ಅನುಭವಿಸುವುದನ್ನು ಗಮನಿಸಿದ್ದರು. ಕೆನಡಾದ ಶೆಪರ್ಡ್ ಸೀಗಲ್ 1982ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಗಂಭೀರವಾದದ್ದು. ಹೆರಾಯಿನ್‌ಗೆ ಒಗ್ಗಿಸಿದ ಇಲಿಗಳಿಗೆ ಪರಿಚಿತ ಕೋಣೆಯಲ್ಲೇ ಭಾರೀ ಪ್ರಮಾಣದ ಹೆರಾಯಿನ್ ಕೊಟ್ಟಾಗ ಶೇ 32ರಷ್ಟು ಸತ್ತವು. ಅಷ್ಟೇ ಒಗ್ಗಿದ ಇಲಿಗಳಿಗೆ ಅಷ್ಟೇ ಪ್ರಮಾಣವನ್ನು ಅಪರಿಚಿತ ಜಾಗದಲ್ಲಿ ಕೊಟ್ಟಾಗ ಶೇ 64ರಷ್ಟು ಸತ್ತವು. ಹೆರಾಯಿನ್ ಅನ್ನು ತಡೆದುಕೊಳ್ಳುವ ದೇಹದ ಶಕ್ತಿಯೂ ಜಾಗಕ್ಕೆ ಕಟ್ಟುಬಿದ್ದ ಕಲಿಕೆಯಾಗಿತ್ತು.

ಇಷ್ಟೆಲ್ಲ ತಿಳಿದ ಮೇಲೆ ಚಿಕಿತ್ಸಕರು ಮೊದಲು ಮಾಡಬೇಕಾದದ್ದು ಕುಡಿತದ ನಕ್ಷೆಯನ್ನು ಬರೆಯುವುದು. ಇದನ್ನು ಕ್ರಿಯಾತ್ಮಕ ವಿಶ್ಲೇಷಣೆ ಎನ್ನುತ್ತಾರೆ: ಕುಡಿಯುವ ಮುಂಚೆ ಏನು ನಡೆದಿತ್ತು, ಎಷ್ಟು ಕುಡಿದದ್ದಾಯಿತು, ತಕ್ಷಣ ಏನು ದೊರೆಯಿತು, ಆಮೇಲೆ ಏನು ಕಳೆಯಿತು ಎಂಬ ನಾಲ್ಕು ಸಂಗತಿಗಳನ್ನು ಸಂದರ್ಭ ಸಂದರ್ಭಕ್ಕೂ ಗುರುತು ಹಾಕಿಕೊಳ್ಳುವ ಕೆಲಸ. ಹೊರಗಿನಿಂದ ಒಂದೇ ಆಗಿ ಕಾಣುವ ಕುಡಿತಕ್ಕೆ ಒಳಗೆ ಬೇರೆ ಬೇರೆ ಕೆಲಸಗಳಿರುತ್ತವೆ. ಮೂಟೆ ಹೊರುವವನಿಗೆ ಅದು ಮೈಕೈ ನೋವಿನ ಮದ್ದು, ಹೊಸದಾಗಿ ನಗರಕ್ಕೆ ಬಂದವನಿಗೆ ಗೆಳೆತನದ ಪ್ರವೇಶಪತ್ರ, ಹತ್ತಾರು ವರ್ಷ ಕುಡಿದವನಿಗೆ ಬೆಳಗಿನ ಕೈನಡುಕವನ್ನು ನಿಲ್ಲಿಸುವ ಏಕೈಕ ಉಪಾಯ. ಮೊದಲನೆಯವನಿಗೆ ನೋವಿನ ಚಿಕಿತ್ಸೆ, ಎರಡನೆಯವನಿಗೆ ಬೇರೆ ಗೆಳೆಯರು, ಮೂರನೆಯವನಿಗೆ ತಡಮಾಡದೆ ಆಸ್ಪತ್ರೆ ಬೇಕು. ಮೂವರಿಗೂ ಒಂದೇ ಭಾಷಣ ಮಾಡುವುದರಿಂದ ಪ್ರಯೋಜನವಿಲ್ಲ. ಮೂರನೆಯವನ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ವಿಪರೀತ ಕುಡಿಯುವವರು ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದಂಥ ಸೆಳವು, ಸನ್ನಿಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ಈ ತತ್ತ್ವಗಳನ್ನು ಮದ್ಯವ್ಯಸನಕ್ಕೆ ಇಡಿಯಾಗಿ ಅನ್ವಯಿಸಿದ ಮೊದಲ ಮುಖ್ಯ ಪ್ರಯತ್ನ ಇಲಿನಾಯ್ ರಾಜ್ಯದ ಆ್ಯನಾ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ನಡೆಯಿತು. ಜಾರ್ಜ್ ಹಂಟ್ ಮತ್ತು ನೇಥನ್ ಆಜ್ರಿನ್ 1973ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಸಮುದಾಯ ಪುನರ್ಬಲನ ಮಾರ್ಗ ಎಂದು ಹೆಸರು. ಕುಡಿಯದೆ ಬದುಕುವುದು ಕುಡಿದು ಬದುಕುವುದಕ್ಕಿಂತ ಹೆಚ್ಚು ಸುಖ ಕೊಡುವಂತೆ ರೋಗಿಯ ಸುತ್ತಲಿನ ಬದುಕನ್ನೇ ಜೋಡಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಕೆಲಸವಿಲ್ಲದವರಿಗೆ ಕೆಲಸ ಹುಡುಕುವ ತರಬೇತಿ ಕೊಟ್ಟರು, ದಂಪತಿಗಳನ್ನು ಕೂರಿಸಿ ಮಾತಾಡಿಸಿದರು, ಹೊರಜಗತ್ತಿನೊಡನೆ ನಂಟು ಬೆಳೆಯಲೆಂದು ಮನೆಗೆ ಟೆಲಿಫೋನ್ ಮತ್ತು ವೃತ್ತಪತ್ರಿಕೆ ಬರುವಂತೆ ಮಾಡಿದರು, ಹಿಂದೆ ಹೆಂಡದಂಗಡಿಯಾಗಿದ್ದ ಕಟ್ಟಡವನ್ನೇ ಮದ್ಯವಿಲ್ಲದ ಕ್ಲಬ್ ಆಗಿ ಮಾರ್ಪಡಿಸಿ ವಾರಾಂತ್ಯದ ಸಂಜೆಗಳಿಗೆ ಹಾಡು, ಆಟ, ಊಟಗಳನ್ನು ಏರ್ಪಡಿಸಿದರು. ಭಾಗವಹಿಸಿದವರು ಹದಿನಾರೇ ಮಂದಿ, ಎಂಟೆಂಟರ ಎರಡು ಗುಂಪು. ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ಪಡೆದವರು ಶೇ 79ರಷ್ಟು ದಿನ ಕುಡಿದರು. ಹೊಸ ಮಾರ್ಗದವರು ಶೇ 14ರಷ್ಟು ದಿನ. ಗುಂಪು ಚಿಕ್ಕದಾದರೂ ಅಂತರ ದೊಡ್ಡದು. 1982ರ ಇನ್ನೊಂದು ಅಧ್ಯಯನದಲ್ಲಿ ಒಂದು ಸೂಕ್ಷ್ಮ ಕಂಡುಬಂತು: ಕುಡಿದರೆ ವಾಕರಿಕೆ ಬರಿಸುವ ಡೈಸಲ್ಫಿರಾಂ ಮಾತ್ರೆಯನ್ನು ಸಂಗಾತಿಯ ಕಣ್ಣೆದುರು ನುಂಗುವ ಏರ್ಪಾಡೊಂದೇ ವಿವಾಹಿತರಿಗೆ ಬಹುಮಟ್ಟಿಗೆ ಸಾಕಾಯಿತು, ಒಂಟಿಯಾಗಿದ್ದವರಿಗೆ ಮಾತ್ರ ಕೆಲಸ, ಗೆಳೆತನ, ಮನರಂಜನೆಗಳನ್ನೆಲ್ಲ ಕಟ್ಟಿಕೊಡುವ ಪೂರ್ಣ ಚಿಕಿತ್ಸೆಯೇ ಬೇಕಾಯಿತು. ಮನೆಯಲ್ಲಿ ಕಾಯುವವರು ಇರುವುದೇ ಎಂಥ ಔಷಧವೆಂದು ಇದಕ್ಕಿಂತ ನೇರವಾಗಿ ತಿಳಿಸಿದ ಅಧ್ಯಯನ ಅಪರೂಪ.

1980ರ ದಶಕದಲ್ಲಿ ಅಮೆರಿಕದಲ್ಲಿ ಕೊಕೇನ್ ಪಿಡುಗು ಹಬ್ಬಿದಾಗ ವೈದ್ಯರ ಕೈಯಲ್ಲಿ ಔಷಧವಿರಲಿಲ್ಲ. ಕೊಕೇನ್ ವ್ಯಸನಕ್ಕೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮಂಜೂರು ಮಾಡಿದ ಮದ್ದು ಇಂದಿಗೂ ಇಲ್ಲ. ಆ ಹೊತ್ತಿನಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ ಆ್ಯನಾದ ವಿಧಾನಕ್ಕೆ ಇನ್ನೊಂದು ಅಂಗವನ್ನು ಜೋಡಿಸಿದರು. ರೋಗಿ ವಾರಕ್ಕೆ ಮೂರು ಸಲ ಬಂದು ಮೂತ್ರದ ಮಾದರಿ ಕೊಡಬೇಕು. ಅದರಲ್ಲಿ ಕೊಕೇನ್‌ನ ಕುರುಹಿಲ್ಲದಿದ್ದರೆ ಅಲ್ಲಿಯೇ, ಆ ಕ್ಷಣವೇ ಒಂದು ವೋಚರ್ ಸಿಗುತ್ತದೆ. ಕೊಕೇನ್‌ನ ಕುರುಹು ಮೂತ್ರದಲ್ಲಿ ಎರಡು ಮೂರು ದಿನ ಉಳಿಯುವುದರಿಂದ ವಾರಕ್ಕೆ ಮೂರು ಪರೀಕ್ಷೆಗಳ ಕಣ್ಣು ತಪ್ಪಿಸುವುದು ಕಷ್ಟ. ಮೊದಲ ಶುದ್ಧ ಮಾದರಿಗೆ ಎರಡೂವರೆ ಡಾಲರ್, ಆನಂತರದ ಪ್ರತಿಯೊಂದಕ್ಕೂ ಹಿಂದಿನದಕ್ಕಿಂತ ಒಂದೂಕಾಲು ಡಾಲರ್ ಹೆಚ್ಚು, ಸತತ ಮೂರು ಶುದ್ಧ ಮಾದರಿಗಳಿಗೆ ಹತ್ತು ಡಾಲರ್ ಮೇಲುಬಹುಮಾನ. ಒಂದು ಮಾದರಿ ತಪ್ಪಿದರೂ, ರೋಗಿ ಬಾರದೆ ಹೋದರೂ, ಲೆಕ್ಕ ಮತ್ತೆ ಎರಡೂವರೆ ಡಾಲರ್‌ಗೆ ಇಳಿಯುತ್ತದೆ, ಆದರೆ ಅದುವರೆಗೆ ಗಳಿಸಿದ್ದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಜಾರಿದವನು ಮತ್ತೆ ಐದು ಶುದ್ಧ ಮಾದರಿ ಕೊಟ್ಟರೆ ಜಾರಿದ ಮೆಟ್ಟಿಲಿಗೇ ಮರಳಿ ಹತ್ತುತ್ತಾನೆ. ಹನ್ನೆರಡು ವಾರ ಒಮ್ಮೆಯೂ ತಪ್ಪದವನಿಗೆ ಒಟ್ಟು 997 ಡಾಲರ್ 50 ಸೆಂಟ್ ದೊರೆಯುತ್ತದೆ.

ಈ ಲೆಕ್ಕಾಚಾರದ ಪ್ರತಿಯೊಂದು ಅಂಶದ ಹಿಂದೆಯೂ ಪ್ರಯೋಗಾಲಯದ ಅನುಭವವಿದೆ. ಮೊತ್ತ ಏರುತ್ತ ಹೋಗುವುದು ಬಿಡುವಿಲ್ಲದ ಸಂಯಮವನ್ನು ಬೆಳೆಸಲು, ಕೆಳಗಿಳಿಸುವುದು ಜಾರಿದ್ದಕ್ಕೆ ಬೆಲೆ ತೆರಿಸಲು, ಐದರ ನಿಯಮವು ಜಾರಿದವನು ಹತಾಶನಾಗಿ ಕೈಚೆಲ್ಲದಂತೆ ನೋಡಿಕೊಳ್ಳಲು. ವೋಚರನ್ನು ನಗದಾಗಿ ಕೊಡುತ್ತಿರಲಿಲ್ಲ. ಮೀನು ಹಿಡಿಯುವ ಪರವಾನಗಿ, ಕ್ಯಾಮೆರಾ ಸಲಕರಣೆ, ಸೈಕಲ್ಲಿನ ಬಿಡಿಭಾಗ, ಓದು ಮುಂದುವರಿಸಲು ಬೇಕಾದ ಸಾಮಗ್ರಿಗಳಂಥ, ಹೊಸ ಬದುಕಿಗೆ ಹೊಂದುವ ವಸ್ತುಗಳನ್ನು ಸಲಹೆಗಾರರ ಒಪ್ಪಿಗೆಯೊಂದಿಗೆ ಸಿಬ್ಬಂದಿಯೇ ಕೊಂಡು ತಂದುಕೊಡುತ್ತಿದ್ದರು. 1994ರಲ್ಲಿ ಪ್ರಕಟವಾದ ನಲವತ್ತು ರೋಗಿಗಳ ಅಧ್ಯಯನದಲ್ಲಿ, ಎರಡೂ ಗುಂಪುಗಳಿಗೆ ಆಪ್ತಸಲಹೆ ಒಂದೇ ಆಗಿದ್ದರೂ, ವೋಚರ್ ಸೇರಿದ್ದವರಲ್ಲಿ ಶೇ 75ರಷ್ಟು ಮಂದಿ ಇಪ್ಪತ್ತನಾಲ್ಕು ವಾರಗಳ ಚಿಕಿತ್ಸೆಯನ್ನು ಪೂರೈಸಿದರು, ವೋಚರ್ ಇಲ್ಲದವರಲ್ಲಿ ಶೇ 40ರಷ್ಟು. ಸತತ ಸಂಯಮದ ಸರಾಸರಿ ಮೊದಲ ಗುಂಪಿನಲ್ಲಿ ಸುಮಾರು ಹನ್ನೆರಡು ವಾರ, ಎರಡನೆಯದರಲ್ಲಿ ಆರು ವಾರ. ಹೀಗೆ ಪರೀಕ್ಷಿಸಿ ಖಚಿತಪಡಿಸಿಕೊಂಡ ವರ್ತನೆಗೆ ತಕ್ಷಣ ಫಲ ಕೊಡುವ ಚಿಕಿತ್ಸೆಗೆ ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಎಂಬ ಹೆಸರು ನೆಲೆಯೂರಿದೆ. ಕನ್ನಡದಲ್ಲಿ ಷರತ್ತಿನ ಪ್ರೋತ್ಸಾಹ ಎನ್ನಬಹುದು.

ಸಾವಿರ ಡಾಲರ್ ಖರ್ಚು ಎಲ್ಲ ಚಿಕಿತ್ಸಾಲಯಗಳಿಗೂ ನಿಲುಕುವಂಥದ್ದಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ ಇದಕ್ಕೆ ಕಂಡುಕೊಂಡ ಉಪಾಯ ಒಂದು ಗಾಜಿನ ಬುಂಡೆ. ಪರೀಕ್ಷೆಯಲ್ಲಿ ತೇರ್ಗಡೆಯಾದವನು ಬುಂಡೆಯೊಳಗೆ ಕೈಹಾಕಿ ಚೀಟಿ ಎತ್ತಬೇಕು. ರೂಢಿಗೆ ಬಂದ ಕ್ರಮದಲ್ಲಿ ಐನೂರು ಚೀಟಿಗಳಲ್ಲಿ 250ರ ಮೇಲೆ ಶಹಬ್ಬಾಸ್ ಎಂಬರ್ಥದ ಮಾತು ಮಾತ್ರ, 209ಕ್ಕೆ ಒಂದು ಡಾಲರ್ ಬೆಲೆಯ ವಸ್ತು, 40ಕ್ಕೆ ಇಪ್ಪತ್ತು ಡಾಲರ್ ಬೆಲೆಯದು, ಒಂದೇ ಒಂದಕ್ಕೆ ನೂರು ಡಾಲರ್ ಬೆಲೆಯದು. ಸಂಯಮ ಮುಂದುವರಿದಂತೆ ಎತ್ತುವ ಚೀಟಿಗಳ ಸಂಖ್ಯೆ ಏರುತ್ತದೆ. ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ನಲವತ್ತೆರಡು ಮಾಜಿ ಸೈನಿಕರ ಮೇಲೆ ಇದೇ ಬಗೆಯ ಬುಂಡೆಯೊಂದಿಗೆ ನಡೆದ ಪೆಟ್ರಿಯವರ 2000ದ ಅಧ್ಯಯನದಲ್ಲಿ ಎಂಟು ವಾರ ಚಿಕಿತ್ಸೆಯಲ್ಲಿ ಉಳಿದವರು ಬುಂಡೆಯ ಗುಂಪಿನಲ್ಲಿ ಶೇ 84, ಮಾಮೂಲು ಗುಂಪಿನಲ್ಲಿ ಶೇ 22. ಚೀಟಿ ಎತ್ತುವುದು ಜೂಜಿನ ಚಟ ಹತ್ತಿಸೀತೆಂಬ ಶಂಕೆ ಸಹಜವಾಗಿಯೇ ಹುಟ್ಟಿತು. ಜೂಜಿನ ವ್ಯಸನದಲ್ಲೂ ತಜ್ಞೆಯಾಗಿದ್ದ ಪೆಟ್ರಿ ಅದನ್ನೂ ಪರೀಕ್ಷಿಸಿ, ಜೂಜು ಹೆಚ್ಚಿಲ್ಲವೆಂದು 2006ರಲ್ಲಿ ವರದಿ ಮಾಡಿದರು.

ಆಕ್ಷೇಪಗಳಲ್ಲಿ ಬಲವಾದದ್ದು ನೈತಿಕವಾದದ್ದು. ಮಾಡಬಾರದ್ದನ್ನು ಬಿಟ್ಟಿದ್ದಕ್ಕೆ ಬಹುಮಾನವೇಕೆ, ಇದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಲಂಚವೆಂದರೆ ತಪ್ಪು ಕೆಲಸ ಮಾಡಿಸಲು ಕೊಡುವ ಹಣ. ಇಲ್ಲಿ ಫಲ ಸಿಗುವುದು ಪ್ರಾಣ ಉಳಿಸುವ ಕೆಲಸಕ್ಕೆ. ಅಂಕ ತಂದ ಮಗುವಿಗೆ ಸೈಕಲ್ ಕೊಡಿಸುವ ಸಮಾಜ, ಹೆಚ್ಚು ದುಡಿದವರಿಗೆ ಬೋನಸ್ ಕೊಡುವ ಸಮಾಜ, ವ್ಯಸನದಿಂದ ಏಳಲು ಹೆಣಗುವವನ ವಿಷಯದಲ್ಲಿ ಮಾತ್ರ ಪ್ರೋತ್ಸಾಹವನ್ನು ಪಾಪವೆಂದು ತಿಳಿಯುವುದಕ್ಕೆ ಕಾರಣ ವಿಜ್ಞಾನದಲ್ಲಿ ಇಲ್ಲ, ವ್ಯಸನಿಯನ್ನು ದಂಡಕ್ಕೆ ಅರ್ಹನೆಂದು ಮಾತ್ರ ಕಾಣುವ ಹಳೆಯ ಅಭ್ಯಾಸದಲ್ಲಿದೆ. ಬಹುಮಾನ ನಿಂತ ಮೇಲೆ ಏನು ಎಂಬ ಎರಡನೆಯ ಆಕ್ಷೇಪವನ್ನು ಹೀಗೆ ತಳ್ಳಿಹಾಕುವಂತಿಲ್ಲ. ಪ್ರೋತ್ಸಾಹ ನಿಂತೊಡನೆ ಪರಿಣಾಮ ಇಳಿಮುಖವಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ, ಚಿಕಿತ್ಸೆ ಮುಗಿದು ಒಂದು ವರ್ಷದವರೆಗೂ ಸಂಯಮದ ಸಾಧ್ಯತೆ ಬೇರೆ ಚಿಕಿತ್ಸೆ ಪಡೆದವರಿಗಿಂತ ಶೇ 22ರಷ್ಟು ಹೆಚ್ಚಿರುತ್ತದೆಂದು ತೋರಿಸಿದ್ದು ಸಮಾಧಾನದ ಸಂಗತಿಯಾದರೂ, ವೋಚರ್ ಒಂದು ಊರುಗೋಲು ಮಾತ್ರ. ಅದು ಹಿಡಿದು ನಿಲ್ಲಿಸಿದ ಆ ಕೆಲವು ತಿಂಗಳುಗಳಲ್ಲಿ ಕೆಲಸ, ನಂಟು, ಹೊತ್ತು ಕಳೆಯುವ ಬೇರೆ ದಾರಿಗಳು ಬೇರೂರದಿದ್ದರೆ ರೋಗಿ ಮತ್ತೆ ಬೀಳುತ್ತಾನೆ. ಆ್ಯನಾ ಮತ್ತು ವರ್ಮಾಂಟ್‌ಗಳ ಚಿಕಿತ್ಸೆಯನ್ನು ಬೇರ್ಪಡಿಸಿ ಕೇವಲ ಬಹುಮಾನವನ್ನು ಎತ್ತಿಕೊಳ್ಳುವವರು ಮರೆಯುವುದು ಇದನ್ನೇ.

ಸಾಕ್ಷ್ಯ ಇಷ್ಟಿದ್ದರೂ ಷರತ್ತಿನ ಪ್ರೋತ್ಸಾಹದ ಬಳಕೆ ನಿಧಾನ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿತು, ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆ 2011ರಲ್ಲಿ ಜಾರಿಗೆ ತಂದಿತು, ಕ್ಯಾಲಿಫೋರ್ನಿಯಾದ ಸರ್ಕಾರಿ ವಿಮೆ 2023ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವರ್ಷಕ್ಕೆ ಗರಿಷ್ಠ 599 ಡಾಲರ್ ಕೊಡುತ್ತದೆ. ಪ್ರೋತ್ಸಾಹದ ಮೊತ್ತ ತೀರ ಕಡಿಮೆಯಾದರೆ ಅದು ಕೆಲಸ ಮಾಡುವುದಿಲ್ಲವೆಂಬುದು ಸಂಶೋಧಕರ ಎಚ್ಚರಿಕೆ.

ವರ್ತನಾ ವಿಶ್ಲೇಷಣೆಯಿಂದ ಹುಟ್ಟಿದ ಇನ್ನೊಂದು ವಿಧಾನ ಮನೆಯವರಿಗೆ ಸಂಬಂಧಿಸಿದ್ದು. ಕರ್ನಾಟಕದ ಕುಟುಂಬಗಳಿಗೆ ಇದು ಹೆಚ್ಚು ಬೇಕಾದದ್ದು. ಚಿಕಿತ್ಸೆಗೆ ಬರಲೊಲ್ಲದವನ ಹೆಂಡತಿ, ತಾಯಿ, ಅಕ್ಕತಂಗಿಯರಿಗೆ ತರಬೇತಿ ಕೊಡುವ ವಿಧಾನವನ್ನು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ಸ್ ರೂಪಿಸಿದರು. ಅವನು ಕುಡಿಯದೆ ಬಂದ ಸಂಜೆ ಜೊತೆಗೆ ಕುಳಿತು ಉಣ್ಣುವುದು, ಮೆಚ್ಚಿದ ಅಡುಗೆ ಮಾಡುವುದು, ನಗುಮಾತಾಡುವುದು. ಕುಡಿದು ಬಂದ ರಾತ್ರಿ ಜಗಳವನ್ನೂ ಆರೈಕೆಯನ್ನೂ ಎರಡನ್ನೂ ಬಿಟ್ಟು ಸುಮ್ಮನೆ ದೂರವಿರುವುದು. ಅವನ ಪರವಾಗಿ ಕೆಲಸದ ಕಡೆ ಸುಳ್ಳು ಹೇಳದಿರುವುದು. ಅವನೇ ಬೇಸತ್ತ ಗಳಿಗೆ ನೋಡಿ ಚಿಕಿತ್ಸೆಯ ಮಾತೆತ್ತುವುದು. ಹೊಡೆತದ ಭಯವಿರುವ ಮನೆಯಲ್ಲಿ ಮೊದಲು ಹೆಣ್ಣಿನ ಸುರಕ್ಷತೆಯ ಏರ್ಪಾಡು, ಆಮೇಲೆ ಉಳಿದದ್ದು. 1999ರ ಅಧ್ಯಯನದಲ್ಲಿ ಈ ತರಬೇತಿ ಪಡೆದ ಕುಟುಂಬಗಳಲ್ಲಿ ಶೇ 64ರಷ್ಟು ವ್ಯಸನಿಗಳು ಚಿಕಿತ್ಸೆಗೆ ಬಂದರು. ಮನೆಮಂದಿಯೆಲ್ಲ ಸುತ್ತ ಕುಳಿತು ಒತ್ತಾಯಿಸುವ ವಿಧಾನದಲ್ಲಿ ಶೇ 30 ಮಾತ್ರ. ರಾತ್ರಿಯಿಡೀ ರಂಪವಾದ ಮೇಲೆ ಬೆಳಗ್ಗೆ ಎಳನೀರು ಕೊಟ್ಟು ಸಂತೈಸುವ ಮನೆಗಳು, ಕುಡಿಯದ ಸಂಜೆ ಯಾರೂ ಮಾತಾಡಿಸದ ಮನೆಗಳು ತಮಗೆ ಅರಿವಿಲ್ಲದೆ ತದ್ವಿರುದ್ಧ ಪಾಠವನ್ನು ಕಲಿಸುತ್ತಿರುತ್ತವೆ. ಇದರಲ್ಲಿ ಹೆಂಗಸರ ತಪ್ಪೇನೂ ಇಲ್ಲ. ಅವರಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಕೊಟ್ಟಿಲ್ಲ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ತೊಂದರೆಗೆ ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ ಮೂವತ್ತೆಂಟು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ವೈದ್ಯರ ಸಂಖ್ಯೆಯಿಂದಲೇ ಈ ಅಂತರ ತುಂಬುವುದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರಲ್ಲದ ಸಾಮಾನ್ಯ ಸಲಹೆಗಾರರೇ ಕುಡಿತದ ಸಂದರ್ಭಗಳನ್ನು ಗುರುತಿಸಿ ನಿಭಾಯಿಸುವುದನ್ನು ಕಲಿಸಿದಾಗ, ಅಪಾಯಕಾರಿ ಕುಡಿತದಿಂದ ಹೊರಬಂದವರ ಪ್ರಮಾಣ ಶೇ 26ರಿಂದ 36ಕ್ಕೆ ಏರಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆಯುತ್ತಿದ್ದು, ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಾಗಿ ಸೇರುತ್ತಾರೆ. ಕುಡಿತದ ಗೆಳೆತನಕ್ಕೆ ಬದಲಾಗಿ ಇನ್ನೊಂದು ಗೆಳೆತನವನ್ನು ಕೊಡುವ ಆ ಏರ್ಪಾಡು ಆ್ಯನಾದ ಕ್ಲಬ್ಬಿಗೆ ದೂರದ ನೆಂಟ. ಈ ಸಮಿತಿಗಳಲ್ಲಿ ನಿಯಮಿತ ಉಸಿರಿನ ಪರೀಕ್ಷೆ ಮತ್ತು ಪ್ರತಿ ಶುದ್ಧ ವಾರಕ್ಕೆ ದಿನಸಿ ಕೂಪನ್ನಿನಂಥ ಸಣ್ಣ ಫಲವನ್ನು ಸೇರಿಸಿ, ಫಲಿತಾಂಶವನ್ನು ಅಳೆದು ನೋಡುವ ಪ್ರಯತ್ನ ಆಗಬೇಕು. ಮದ್ಯದ ಅಬಕಾರಿ ಸುಂಕದಿಂದ ದೊಡ್ಡ ಆದಾಯ ಪಡೆಯುವ ಸರ್ಕಾರ ಅದರ ಒಂದು ಚಿಕ್ಕ ಪಾಲನ್ನು ಇದಕ್ಕೆ ಮೀಸಲಿಡುವುದು ದಾನವಾಗುವುದಿಲ್ಲ, ಕರ್ತವ್ಯವಾಗುತ್ತದೆ.

ಮನೆಯಲ್ಲಿ ಈ ತೊಂದರೆ ಇರುವ ಓದುಗರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕುಡಿಯುವವರು ಒಪ್ಪಿ ಬರುವವರೆಗೆ ಕಾಯಬೇಕಾಗಿಲ್ಲ. ಅವರ ಪರವಾಗಿ ಮನೆಯವರೇ ಮೊದಲು ಮಾತಾಡಬಹುದು.